ಕೋಣೆಯ ತಾಪದ ಅತಿವಾಹಕ: ಹ್ಯೂಸ್ಟನ್‌ನಿಂದ ಬೆಂಗಳೂರಿನವರೆಗೆ

(ಟೆಕ್ಸಾಸ್‌ನ ಲಿಯಾಂಡರ್‌ನಲ್ಲಿ ಸೇರಿದ್ದ ಕನ್ನಡಿಗರೆದುರು ನೀಡಿದ ಉಪನ್ಯಾಸದ ಬರಹರೂಪ)



ಕೋಣೆಯ ತಾಪದಲ್ಲಿ ಅತಿವಾಹಕತೆ ಸಾಧ್ಯವೇ ಎಂದು ಕೇಳುವ ಮೊದಲು, ಯಾವ ಕೋಣೆ ಎಂದು ಕೇಳಬೇಕಾಗುತ್ತದೆ. ಭೌತವಿಜ್ಞಾನಿಗಳು ಈ ಮಾತನ್ನು ಆಡುವಾಗ ಅವರ ಮನಸ್ಸಿನಲ್ಲಿರುವುದು ಸುಮಾರು 300 ಕೆಲ್ವಿನ್, ಅಂದರೆ 27 ಡಿಗ್ರಿ ಸೆಲ್ಸಿಯಸ್. ಅದು ಹವಾನಿಯಂತ್ರಿತ ಪ್ರಯೋಗಶಾಲೆಯ ಕೋಣೆ. ಆಗಸ್ಟ್ ತಿಂಗಳಲ್ಲಿ ಲಿಯಾಂಡರ್‌ನ ಬೀದಿಗಳಲ್ಲಿ ಪಾದರಸ ನಲವತ್ತು ಡಿಗ್ರಿಗೆ ಏರುತ್ತದೆ. ಮೇ ತಿಂಗಳ ಕಲಬುರಗಿ, ರಾಯಚೂರುಗಳ ಕತೆಯೂ ಅದೇ. ಬಿಸಿಲಿನಲ್ಲಿ ತೂಗುವ ವಿದ್ಯುತ್ ತಂತಿಯ ಮೈ ಎಪ್ಪತ್ತು ಡಿಗ್ರಿ ದಾಟುವುದೂ ಉಂಟು. ಜೊತೆಗೆ, ಯಾವ ಅತಿವಾಹಕವೂ ತನ್ನ ಮಿತಿಯ ತಾಪದ ಅಂಚಿನಲ್ಲಿ ಹೆಚ್ಚು ಪ್ರವಾಹವನ್ನು ಹೊರಲಾರದು. ಮಿತಿಗಿಂತ ಬಹಳ ಕೆಳಗೆ ಇಟ್ಟಾಗ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಹಾಗಾಗಿ ಯಾವ ತಂಪುಕಾರಕವೂ ಇಲ್ಲದೆ ಟೆಕ್ಸಾಸ್‌ನ ಬಯಲಿನಲ್ಲಿ ನಿಲ್ಲಬಲ್ಲ ತಂತಿಗೆ 300 ಕೆಲ್ವಿನ್ ಸಾಲದು, 400 ದಾಟಿದ ವಸ್ತು ಬೇಕು. ಪತ್ರಿಕೆಗಳ ತಲೆಬರಹಗಳಲ್ಲಿ ಈ ಅಂತರ ಕಾಣಿಸುವುದಿಲ್ಲ.

ಸೂಪರ್‌ಕಂಡಕ್ಟರ್ ಎಂದು ಎಲ್ಲರೂ ಕೇಳಿರುವ ಅತಿವಾಹಕದ ತತ್ವವನ್ನು ಎರಡು ಮಾತಿನಲ್ಲಿ ಹೇಳಬಹುದು. ತಾಮ್ರದ ತಂತಿಯಲ್ಲಿ ಎಲೆಕ್ಟ್ರಾನುಗಳು ಕಂಪಿಸುವ ಪರಮಾಣುಗಳಿಗೂ ಕಲ್ಮಶಗಳಿಗೂ ಡಿಕ್ಕಿ ಹೊಡೆಯುತ್ತ ಶಕ್ತಿ ಕಳೆದುಕೊಳ್ಳುತ್ತವೆ, ತಂತಿ ಬಿಸಿಯಾಗುತ್ತದೆ, ಇದು ರೋಧ. ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬೊಬ್ಬರೇ ನುಗ್ಗುವವರ ಪಾಡು ಇಂಥದೇ. ಆದರೆ ಅದೇ ಜನ ತೇರಿನ ಹಗ್ಗ ಹಿಡಿದು ಒಟ್ಟಿಗೆ ಎಳೆಯುವಾಗ ಒಬ್ಬ ಎಡವಿದರೂ ತೇರು ನಿಲ್ಲುವುದಿಲ್ಲ. ಕೆಲವು ವಸ್ತುಗಳಲ್ಲಿ ತಾಪ ಇಳಿದಂತೆ ಎಲೆಕ್ಟ್ರಾನುಗಳು ಜೋಡಿಗಳಾಗಿ, ಆ ಜೋಡಿಗಳೆಲ್ಲ ಒಂದೇ ಅಲೆಯಾಗಿ ಹರಿಯತೊಡಗುತ್ತವೆ. ಆಗ ರೋಧ ಕಡಿಮೆಯಾಗುವುದಲ್ಲ, ಶೂನ್ಯವಾಗುತ್ತದೆ. ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಆನ್ಸ್ 1911ರಲ್ಲಿ ಪಾದರಸವನ್ನು 4.2 ಕೆಲ್ವಿನ್‌ಗೆ ತಂಪು ಮಾಡಿದಾಗ ಇದನ್ನು ಮೊದಲು ಕಂಡದ್ದು. 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಎರಡನೆಯ ಗುಣವನ್ನು ಕಂಡರು: ಅತಿವಾಹಕವು ತನ್ನೊಳಗಿನಿಂದ ಕಾಂತಕ್ಷೇತ್ರವನ್ನು ಹೊರಗಟ್ಟುತ್ತದೆ. ಶೂನ್ಯ ರೋಧ, ಕಾಂತಕ್ಷೇತ್ರದ ಉಚ್ಚಾಟನೆ, ಇವೆರಡೂ ಒಟ್ಟಿಗೆ ಕಾಣಿಸಿಕೊಂಡರೆ ಮಾತ್ರ ಅದು ಅತಿವಾಹಕ. ಈ ಜೋಡಿ ಪರೀಕ್ಷೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಬರುವ ರಗಳೆಗಳೆಲ್ಲ ಇದರ ಸುತ್ತಲೇ ನಡೆದವು.

ಮುಂದಿನ ಐವತ್ತು ಅರವತ್ತು ವರ್ಷಗಳ ಕತೆಯಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಲೆಕ್ಟ್ರಾನುಗಳ ಜೋಡಿಯಾಟದ ಸಿದ್ಧಾಂತವನ್ನು ಕೊಟ್ಟರು. 1973ರ ವೇಳೆಗೆ ತಲುಪಿದ್ದ ಗರಿಷ್ಠ ತಾಪ 23 ಕೆಲ್ವಿನ್. ಮೂವತ್ತರ ಆಚೆಗೆ ಹೋಗುವುದು ಕಷ್ಟವೆಂದು ಬಹುತೇಕ ಎಲ್ಲರೂ ನಂಬಿಕೊಂಡಿದ್ದರು. 1986ರಲ್ಲಿ ಜೂರಿಕ್‌ನ ಐಬಿಎಂ ಪ್ರಯೋಗಶಾಲೆಯಲ್ಲಿ ಬೆಡ್ನೋರ್ಜ್ ಮತ್ತು ಮ್ಯೂಲರ್, ಲೋಹಗಳನ್ನು ಬಿಟ್ಟು, ಲ್ಯಾಂಥನಮ್, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಿ ಹುಡುಕಿ ಆ ಗೋಡೆಯನ್ನು ಒಡೆದರು. ಇಲ್ಲಿಂದ ಕತೆ ಟೆಕ್ಸಾಸ್‌ಗೆ ಬರುತ್ತದೆ.

ಹ್ಯೂಸ್ಟನ್ ವಿಶ್ವವಿದ್ಯಾಲಯ ಆಗ ಭೌತವಿಜ್ಞಾನದ ಲೋಕದಲ್ಲಿ ದೊಡ್ಡ ಹೆಸರಲ್ಲ. ಅಲ್ಲಿನ ಪ್ರಾಧ್ಯಾಪಕ ಪಾಲ್ ಚೂ ಚೀನಾದ ಹುನಾನ್‌ನಲ್ಲಿ ಹುಟ್ಟಿ, ತೈವಾನ್‌ನಲ್ಲಿ ಬೆಳೆದು, ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಬಂದವರು. ಜೂರಿಕ್‌ನ ವಸ್ತುವಿನ ಮೇಲೆ ಒತ್ತಡ ಹೇರಿದರೆ ಅದರ ಮಿತಿತಾಪ ಏರುವುದನ್ನು ಅವರ ತಂಡ ಗಮನಿಸಿತು. ಒತ್ತಡ ಮಾಡುವ ಕೆಲಸವೆಂದರೆ ಪರಮಾಣುಗಳನ್ನು ಹತ್ತಿರಕ್ಕೆ ತರುವುದು. ಹೊರಗಿನಿಂದ ಹಿಸುಕುವ ಬದಲು, ಲ್ಯಾಂಥನಮ್ ಜಾಗದಲ್ಲಿ ಅದಕ್ಕಿಂತ ಚಿಕ್ಕದಾದ ಪರಮಾಣುವನ್ನು ಕೂರಿಸಿದರೆ ಹರಳು ತಾನೇ ಒಳಗಿನಿಂದ ಬಿಗಿದುಕೊಳ್ಳಬೇಕಲ್ಲವೇ? ಆ ಚಿಕ್ಕ ಪರಮಾಣು ಇಟ್ರಿಯಂ. ಚೂ ಅವರ ಹಳೆಯ ವಿದ್ಯಾರ್ಥಿ, ತೈವಾನ್ ಮೂಲದ ಮೌ-ಕುವೆನ್ ವೂ, ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಇಂಥ ಮಿಶ್ರಣವೊಂದನ್ನು ಸುಟ್ಟು, 1987ರ ಜನವರಿ 29ರಂದು ಅಳೆದರು. ಮಿತಿತಾಪ 90 ಕೆಲ್ವಿನ್ ದಾಟಿತ್ತು. ದ್ರವ ಸಾರಜನಕ ಕುದಿಯುವುದು 77ರಲ್ಲಿ. ಅಲ್ಲಿಯವರೆಗೆ ದುಬಾರಿ ದ್ರವ ಹೀಲಿಯಂ ಇಲ್ಲದೆ ಅತಿವಾಹಕವನ್ನು ಮುಟ್ಟುವಂತಿರಲಿಲ್ಲ. ಇನ್ನು ಮುಂದೆ ಹಾಲಿಗಿಂತ ಅಗ್ಗವಾದ ದ್ರವ ಸಾರಜನಕವೇ ಸಾಕು ಎಂಬಂತಾಯಿತು.

ಆ ದಿನಗಳ ಒಂದು ಪ್ರಸಂಗ ವಿಜ್ಞಾನಿಗಳ ನಡುವೆ ಇಂದಿಗೂ ಓಡಾಡುತ್ತದೆ. ಪ್ರಕಟಣೆಗೆ ಕಳುಹಿಸಿದ ಹಸ್ತಪ್ರತಿಯಲ್ಲಿ ಇಟ್ರಿಯಂ ಸಂಕೇತದ ಬದಲು ಇಟರ್ಬಿಯಂ ಸಂಕೇತ ಅಚ್ಚಾಗಿತ್ತು. ಮುದ್ರಣಕ್ಕೆ ಹೋಗುವ ಮುನ್ನ ಅದನ್ನು ತಿದ್ದಲಾಯಿತು. ಅಷ್ಟರಲ್ಲಿ ಇಟರ್ಬಿಯಂ ಎಂಬ ಗುಸುಗುಸು ಹಲವು ಪ್ರಯೋಗಶಾಲೆಗಳಿಗೆ ತಲುಪಿಬಿಟ್ಟಿತ್ತು. ಅದು ಬೆರಳಚ್ಚಿನ ತಪ್ಪು ಎಂದು ಚೂ ಹೇಳಿದರು; ಸೋರಿಕೆಗೆ ಹೆದರಿ ಮಾಡಿದ ಉಪಾಯ ಎಂದು ನಂಬಿದವರೂ ಇದ್ದರು. ಸತ್ಯ ಯಾವುದೇ ಇರಲಿ, ಗುಟ್ಟು ಹೊರಗೆ ಹೋಗಿತ್ತೆಂಬುದಂತೂ ನಿಜ.

ಆ ವರ್ಷ ಮಾರ್ಚ್ 18ರ ರಾತ್ರಿ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಸಾವಿರಾರು ಭೌತವಿಜ್ಞಾನಿಗಳು ನಸುಕಿನ ಮೂರರವರೆಗೂ ಕುಳಿತು ಒಂದರ ಮೇಲೊಂದು ಪ್ರಬಂಧ ಕೇಳಿದರು. ಅದೇ ಜುಲೈನಲ್ಲಿ ರೇಗನ್ ಸರ್ಕಾರ ವಾಷಿಂಗ್ಟನ್‌ನಲ್ಲಿ ಅತಿವಾಹಕಗಳ ವಾಣಿಜ್ಯ ಬಳಕೆ ಕುರಿತು ಸಮ್ಮೇಳನ ನಡೆಸಿ, ವಿದೇಶಿ ಪ್ರತಿನಿಧಿಗಳಿಗೆ ಬಾಗಿಲು ಮುಚ್ಚಿತು. ವಲಸೆ ಬಂದವರ ಕೈಯಲ್ಲಿ ಮೂಡಿದ ಶೋಧವನ್ನು ಹೊರನಾಡಿನವರಿಂದ ಕಾಪಾಡಿಕೊಳ್ಳುವ ಸಮ್ಮೇಳನ! ಈ ನಗೆಪಾಟಲನ್ನು ಇಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ.

ಕನ್ನಡ ನಾಡು ಈ ಕತೆಯ ಹೊರಗೆ ನಿಂತಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್, ತಮ್ಮ ಸಹೋದ್ಯೋಗಿ ಪಿ. ಗಂಗೂಲಿಯವರೊಡನೆ, ಲ್ಯಾಂಥನಮ್ ತಾಮ್ರದ ಆಕ್ಸೈಡನ್ನೂ ಅದರ ಸೋದರ ವಸ್ತುಗಳನ್ನೂ 1970ರ ದಶಕದ ಆರಂಭದಲ್ಲೇ ಅಧ್ಯಯನ ಮಾಡಿದ್ದರು. ಜೂರಿಕ್‌ನವರು ಬೇರಿಯಂ ಬೆರೆಸಿದ್ದು ಈ ವಸ್ತುವಿಗೇ. ಅದರಲ್ಲಿ ಅತಿವಾಹಕತೆ ಅಡಗಿರಬಹುದೆಂದು ಆಗ ಜಗತ್ತಿನಲ್ಲಿ ಯಾರೂ ಊಹಿಸಿರಲಿಲ್ಲ. ಆದರೆ ಆ ಹಳೆಯ ಅನುಭವ ವ್ಯರ್ಥವಾಗಲಿಲ್ಲ. 1987ರ ವಸಂತದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್ ತಂಡ, ಹ್ಯೂಸ್ಟನ್‌ನ ಮಿಶ್ರಣದಲ್ಲಿ ನಿಜಕ್ಕೂ ಅತಿವಾಹಕವಾಗಿರುವ ಭಾಗ ಯಾವುದೆಂದು ಗುರುತಿಸಿದ ಮೊದಲಿಗರ ಸಾಲಿನಲ್ಲಿ ನಿಂತು, 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಇಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು ಪಾಲು: ಅರೆದು, ಒಲೆಯಲ್ಲಿ ಒಂಬೈನೂರೈವತ್ತು ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು, ಆಮ್ಲಜನಕದಲ್ಲಿ ನಿಧಾನವಾಗಿ ಆರಿಸಿದರೆ ಸಿದ್ಧ. ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾಗಿತ್ತು, ಮಾಡಿದರು ಕೂಡ. ನಿಜವಾದ ಶೋಧದ ಲಕ್ಷಣವೆಂದರೆ ಇದು. ಕೆಲವೇ ವಾರಗಳಲ್ಲಿ ಬೆಂಗಳೂರು, ಟೋಕಿಯೊ, ಬೀಜಿಂಗ್‌ಗಳಲ್ಲಿ ಬೇರೆ ಬೇರೆ ಕೈಗಳು ಅದನ್ನೇ ಮಾಡಿ ಅದೇ ಉತ್ತರ ಪಡೆದವು.

ಹಾಗಾದರೆ ಆ ಮೇಲಿನ ದಶಕಗಳಲ್ಲಿ ಜಗತ್ತಿನ ತಂತಿಗಳೆಲ್ಲ ಏಕೆ ಬದಲಾಗಲಿಲ್ಲ? ಈ ವಸ್ತು ಲೋಹವಲ್ಲ, ಮಡಕೆಯ ಜಾತಿಗೆ ಸೇರಿದ್ದು. ಹೆಂಚನ್ನು ಎಳೆದು ತಂತಿ ಮಾಡಲಾಗದು. ಹರಳಿನ ಕಣಗಳು ಒಂದಕ್ಕೊಂದು ತುಸು ಓರೆಯಾಗಿ ಕೂತರೂ ಸಾಕು, ಅವುಗಳ ಸಂದಿನಲ್ಲಿ ಪ್ರವಾಹ ಕುಗ್ಗಿಹೋಗುತ್ತದೆ. ಕೊನೆಗೆ ಕಂಡ ದಾರಿಯೆಂದರೆ ಲೋಹದ ರಿಬ್ಬನ್ನಿನ ಮೇಲೆ ಹಲವು ತೆಳು ಪದರಗಳನ್ನು ಹಾಸಿ, ಅವುಗಳ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಅತಿವಾಹಕವನ್ನು ಹರಳುಗಳ ಸಾಲು ತಪ್ಪದಂತೆ ಬೆಳೆಸುವುದು. ಇದಕ್ಕೆ ಎರಡು ದಶಕ ಹಿಡಿಯಿತು. ಈ ಪಟ್ಟಿಯ ತಯಾರಿಕೆಯಲ್ಲಿ ಹೆಸರಾದವರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ವೆಂಕಟ್ ಸೆಲ್ವಮಾಣಿಕ್ಕಂ ಒಬ್ಬರು. ಜರ್ಮನಿಯ ಎಸ್ಸೆನ್ ನಗರದ ನೆಲದಡಿ ಒಂದು ಕಿಲೋಮೀಟರ್ ಅತಿವಾಹಕ ಕೇಬಲ್ 2014ರಲ್ಲಿ ಚಾಲನೆಗೊಂಡದ್ದು, ಸಮ್ಮಿಳನ ಸ್ಥಾವರದ ಕನಸು ಕಾಣುವವರು 2021ರಲ್ಲಿ 20 ಟೆಸ್ಲಾ ಕಾಂತವನ್ನು ಕಟ್ಟಿದ್ದು, ಇವೆಲ್ಲ ಮಿತಿತಾಪ ಏರಿದ್ದರಿಂದ ಆದದ್ದಲ್ಲ. 1987ರ ಅದೇ ವಸ್ತುವಿನ ಬಂಧುಗಳನ್ನು ತಾಳ್ಮೆಯಿಂದ ತಂತಿಯಾಗಿಸಿದ್ದರಿಂದ ಆದದ್ದು. ನಾಳೆ ಯಾರಾದರೂ ಕೋಣೆಯ ತಾಪದ ಅತಿವಾಹಕವನ್ನು ಕಂಡುಹಿಡಿದರೂ, ಅಂದಿನಿಂದ ಇಂಥದೇ ಇನ್ನೊಂದು ಮೂವತ್ತು ವರ್ಷ ಆರಂಭವಾಗಬಹುದು.

ತಾಳ್ಮೆಗೆ ಹಣ ಬೇಕು, ಹಣಕ್ಕೆ ರಾಜಕಾರಣದ ಒಪ್ಪಿಗೆ ಬೇಕು. ಡಲ್ಲಾಸ್‌ನ ದಕ್ಷಿಣಕ್ಕೆ ವಾಕ್ಸಹಾಚಿ ಎಂಬ ಊರಿದೆ. 1988ರಲ್ಲಿ ಜಗತ್ತಿನ ಅತಿದೊಡ್ಡ ಕಣಘರ್ಷಕಕ್ಕೆ ಆ ಜಾಗವನ್ನು ಆರಿಸಲಾಯಿತು: 87 ಕಿಲೋಮೀಟರ್ ಸುತ್ತಳತೆಯ ಸುರಂಗ, ಅದರ ತುಂಬ ದ್ರವ ಹೀಲಿಯಂನಲ್ಲಿ ಮುಳುಗಿದ ಅತಿವಾಹಕ ಕಾಂತಗಳು. ಅಂದಾಜು ವೆಚ್ಚ ಏರುತ್ತಲೇ ಹೋಗಿ, 1993ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸತ್ತು ಯೋಜನೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ 200 ಕೋಟಿ ಡಾಲರ್ ಖರ್ಚಾಗಿತ್ತು, 20 ಕಿಲೋಮೀಟರಿಗೂ ಹೆಚ್ಚು ಸುರಂಗ ಕೊರೆದಾಗಿತ್ತು. ಅದನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಒಂದೇ ದೈತ್ಯ ಯಂತ್ರಕ್ಕೆ ಅಷ್ಟು ಹಣ ಸುರಿದರೆ ಹ್ಯೂಸ್ಟನ್‌ನಂಥ ಚಿಕ್ಕ ಪ್ರಯೋಗಶಾಲೆಗಳು ಬಡವಾಗುತ್ತವೆ ಎಂದು ಅಂದು ವಿರೋಧಿಸಿದವರಲ್ಲಿ ಘನವಸ್ತು ಭೌತವಿಜ್ಞಾನಿಗಳೂ ಇದ್ದರು. ಅವರ ಮಾತಿನಲ್ಲಿ ತಿರುಳಿತ್ತು. ಆದರೆ ಉಳಿದ ಹಣ ಅವರ ಕೈಗೆ ಬರಲಿಲ್ಲ. ವಿಜ್ಞಾನದ ಒಂದು ಕೊಂಬೆಯನ್ನು ಕಡಿದರೆ ಇನ್ನೊಂದು ಕೊಂಬೆ ತಾನಾಗಿ ಚಿಗುರುತ್ತದೆ ಎಂಬ ಲೆಕ್ಕ ಸರ್ಕಾರಗಳ ಬಳಿ ನಡೆಯುವುದಿಲ್ಲ. 2025ರಲ್ಲಿ ಟ್ರಂಪ್ ಆಡಳಿತ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಅನುದಾನವನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸುವ ಪ್ರಸ್ತಾಪ ಮುಂದಿಟ್ಟಾಗ, ಯಾವ ವಿಷಯಕ್ಕೆ ಉಳಿತಾಯವಾಗುತ್ತದೆಂದು ಯಾರೂ ಕೇಳಲಿಲ್ಲ.

ಈಗ ತಾಪಮಾನದ ಏಣಿಗೆ ಮರಳೋಣ. ತಾಮ್ರದ ಆಕ್ಸೈಡುಗಳ ಕುಟುಂಬದಲ್ಲಿ, ಪಾದರಸ ಬೆರೆತ ವಸ್ತುವೊಂದು 1993ರಲ್ಲಿ ಸಾಮಾನ್ಯ ಒತ್ತಡದಲ್ಲೇ 130 ಕೆಲ್ವಿನ್ ದಾಟಿತು. ಒತ್ತಡದಲ್ಲಿ ಹಿಸುಕಿದಾಗ 164ರವರೆಗೆ ಏರಿತು. ಆ ಬಳಿಕ ಬಹುಕಾಲ ಏಣಿ ಅಲ್ಲೇ ನಿಂತಿತು. ಮುಂದಿನ ಮೆಟ್ಟಿಲು ಬಂದದ್ದು ಹೈಡ್ರೋಜನ್‌ನಿಂದ. ಹಗುರ ಪರಮಾಣು ವೇಗವಾಗಿ ಕಂಪಿಸುತ್ತದೆ. ಎಲೆಕ್ಟ್ರಾನುಗಳನ್ನು ಜೋಡಿ ಮಾಡುವ ಅಂಟು ಈ ಕಂಪನವೇ ಆದರೆ, ಎಲ್ಲಕ್ಕಿಂತ ಹಗುರವಾದ ಹೈಡ್ರೋಜನ್ ಉತ್ತಮ ಅಂಟಾಗಬೇಕು. ನೀಲ್ ಆಶ್‌ಕ್ರಾಫ್ಟ್ ಇದನ್ನು 1968ರಲ್ಲೇ ಹೇಳಿದ್ದರು. 2015ರಲ್ಲಿ ಜರ್ಮನಿಯ ಮೈನ್ಸ್‌ನಲ್ಲಿ ಮಿಖಾಯಿಲ್ ಎರೆಮೆಟ್ಸ್ ತಂಡ ಗಂಧಕ ಮತ್ತು ಹೈಡ್ರೋಜನ್‌ಗಳ ಸಂಯುಕ್ತದಲ್ಲಿ 203 ಕೆಲ್ವಿನ್ ತಲುಪಿತು. 2019ರಲ್ಲಿ ಲ್ಯಾಂಥನಮ್ ಮತ್ತು ಹೈಡ್ರೋಜನ್‌ಗಳಲ್ಲಿ 250, ಅಂದರೆ ಶೂನ್ಯಕ್ಕಿಂತ 23 ಡಿಗ್ರಿ ಕಡಿಮೆ. ಚಳಿಗಾಲದ ಮಿನೆಸೋಟದ ಬೀದಿಯಷ್ಟೇ ತಂಪು! ಆದರೆ ಬೇಕಾದ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಹದಿನೇಳು ಲಕ್ಷ ಪಟ್ಟು. ಎರಡು ವಜ್ರದ ಮೊನೆಗಳ ನಡುವೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಚೂರಿನಲ್ಲಿ ಮಾತ್ರ ಅದು ಸಾಧ್ಯ. ಸಮಸ್ಯೆ ತಾಪದಿಂದ ಒತ್ತಡಕ್ಕೆ ಸ್ಥಳಾಂತರಗೊಂಡಿದೆ, ಬಗೆಹರಿದಿಲ್ಲ.

ಪ್ರಯೋಗ ಇಷ್ಟು ಸೂಕ್ಷ್ಮವಾದಾಗ, ಅದನ್ನು ಮತ್ತೊಬ್ಬರು ಮಾಡಿ ನೋಡುವುದು ಕಷ್ಟವಾಗುತ್ತದೆ. 1987ರ ಒಲೆ ಮತ್ತು ಒರಳಿನ ಸುಲಭ ಇಲ್ಲಿಲ್ಲ. ಮೋಸಕ್ಕೆ ಜಾಗ ಸಿಗುವುದು ಇಲ್ಲೇ. ರೋಚೆಸ್ಟರ್ ವಿಶ್ವವಿದ್ಯಾಲಯದ ರಂಗ ಡಯಸ್ ತಂಡ 2020ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ 15 ಡಿಗ್ರಿ ಸೆಲ್ಸಿಯಸ್‌ನ ಅತಿವಾಹಕವನ್ನು ಘೋಷಿಸಿತು. ಮಾಹಿತಿಯನ್ನು ಸಂಸ್ಕರಿಸಿದ ರೀತಿಯ ಬಗ್ಗೆ ಪ್ರಶ್ನೆಗಳೆದ್ದು, 2022ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅಚ್ಚರಿಯೆಂದರೆ, 2023ರ ಮಾರ್ಚಿನಲ್ಲಿ ಅದೇ ಪತ್ರಿಕೆ ಅದೇ ತಂಡದ ಇನ್ನೊಂದು ಪ್ರಬಂಧವನ್ನು ಪ್ರಕಟಿಸಿತು: ಲುಟೀಷಿಯಂ ಸಂಯುಕ್ತ, 21 ಡಿಗ್ರಿ, ಒತ್ತಡ ಕೇವಲ ಹತ್ತು ಸಾವಿರ ವಾಯುಮಂಡಲ. ಆ ವರ್ಷ ನವೆಂಬರಿನಲ್ಲಿ ಅದೂ ಹಿಂದಕ್ಕೆ ಹೋಯಿತು. ಹಾಗೆ ಹಿಂದಕ್ಕೆ ಪಡೆಯಲು ಕೋರಿದವರು ಹನ್ನೊಂದು ಲೇಖಕರಲ್ಲಿ ಎಂಟು ಮಂದಿ. ಅವರಲ್ಲಿ ಡಯಸ್ ಅವರ ಕೈಕೆಳಗೆ ದುಡಿದ ವಿದ್ಯಾರ್ಥಿಗಳೂ ಇದ್ದರು. ವಿಶ್ವವಿದ್ಯಾಲಯ ನೇಮಿಸಿದ ಹೊರಗಿನ ವಿಜ್ಞಾನಿಗಳ ತನಿಖೆ ಸಂಶೋಧನಾ ದುರ್ನಡತೆ ನಡೆದಿದೆಯೆಂದು ತೀರ್ಮಾನಿಸಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅಮೆರಿಕದ ಪ್ರಯೋಗಶಾಲೆಗಳಲ್ಲಿ ರಾತ್ರಿ ಹಗಲೆನ್ನದೆ ಅಳತೆ ತೆಗೆಯುವವರಲ್ಲಿ ದೊಡ್ಡ ಪಾಲು ಹೊರದೇಶಗಳಿಂದ ವಿದ್ಯಾರ್ಥಿ ವೀಸಾದಲ್ಲಿ ಬಂದವರು. ಮಾರ್ಗದರ್ಶಕರ ಶಿಫಾರಸು ಪತ್ರ, ವೇತನ, ಪದವಿ, ಈ ನೆಲದಲ್ಲಿ ಉಳಿಯುವ ಹಕ್ಕು ಎಲ್ಲವೂ ಒಂದೇ ಸಹಿಗೆ ತೂಗುಬಿದ್ದಿರುತ್ತವೆ. ಅಂಥ ಸ್ಥಿತಿಯಲ್ಲಿ 'ಈ ಅಂಕಿ ನಾನು ಅಳೆದದ್ದಲ್ಲ' ಎನ್ನುವುದಕ್ಕೆ ಬೇಕಾದ ಧೈರ್ಯ ಸಣ್ಣದಲ್ಲ. ವೀಸಾದ ಹಗ್ಗವನ್ನು ಬಿಗಿಗೊಳಿಸುವ ಪ್ರತಿಯೊಂದು ಆದೇಶವೂ, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಹೇರಿದ ಒಂದು ಲಕ್ಷ ಡಾಲರ್ ಶುಲ್ಕದಂಥದ್ದೂ ಸೇರಿ, ಆ ಧೈರ್ಯದ ಬೆಲೆಯನ್ನು ಏರಿಸುತ್ತದೆ. ಅತಿವಾಹಕತೆಯ ಭವಿಷ್ಯವನ್ನು ಚರ್ಚಿಸುವವರು ಹೊಸ ವಸ್ತುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಬಗ್ಗೆ ಮಾತಾಡುವುದಿಲ್ಲ.

ಬೆಂಗಳೂರಿನಲ್ಲೂ ಒಂದು ಪ್ರಕರಣ ನಡೆಯಿತು. 2018ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ, ಚಿನ್ನದೊಳಗೆ ಹುದುಗಿಸಿದ ಬೆಳ್ಳಿಯ ನ್ಯಾನೋ ಕಣಗಳಲ್ಲಿ 236 ಕೆಲ್ವಿನ್‌ನಲ್ಲಿ, ಅದೂ ಸಾಮಾನ್ಯ ಒತ್ತಡದಲ್ಲಿ, ಅತಿವಾಹಕತೆ ಕಂಡಿದೆಯೆಂದು ಕರಡು ಪ್ರಬಂಧ ಹೊರತಂದರು. ಚಿನ್ನವಾಗಲಿ ಬೆಳ್ಳಿಯಾಗಲಿ ತಾವಾಗಿ ಅತಿವಾಹಕಗಳಲ್ಲ. ಸುದ್ದಿ ಬೆಂಕಿಯಂತೆ ಹರಡಿತು. ಕೆಲವೇ ದಿನಗಳಲ್ಲಿ ಎಂಐಟಿಯ ಬ್ರಯನ್ ಸ್ಕಿನ್ನರ್ ಒಂದು ವಿಚಿತ್ರವನ್ನು ಎತ್ತಿ ತೋರಿಸಿದರು. ಎರಡು ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಮಾಡಿದ ಅಳತೆಗಳ ರೇಖೆಗಳಲ್ಲಿ ಸಣ್ಣ ಸಣ್ಣ ಏರಿಳಿತಗಳು, ಅಂದರೆ ಉಪಕರಣದ ಗದ್ದಲ, ಒಂದೇ ತೆರನಾಗಿದ್ದವು. ಗದ್ದಲ ಎಂಬುದು ಗದ್ದಲವೇ ಆಗಿದ್ದರೆ ಎರಡು ಸಲ ಒಂದೇ ರೀತಿ ಬರುವಂತಿಲ್ಲ. ಇದರ ನಡುವೆ ಹಿರಿಯ ವಿಜ್ಞಾನಿ ಟಿ. ವಿ. ರಾಮಕೃಷ್ಣನ್ ಅವರ ಹೆಸರಿನ ನಕಲಿ ಇಮೇಲ್ ವಿಳಾಸದಿಂದ, ಪ್ರಶ್ನೆ ಎತ್ತಿದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರತಾಪ್ ರಾಯಚೌಧುರಿ ಅವರಿಗೆ ಪತ್ರ ಹೋಯಿತು. ಕಳುಹಿಸಿದವರು ಯಾರೆಂದು ಬಯಲಾಗಲಿಲ್ಲ. ಸಂಶೋಧಕರು ತಮ್ಮ ಮಾತಿಗೆ ಅಂಟಿಕೊಂಡರು. 2019ರ ಮೇ ತಿಂಗಳಲ್ಲಿ ಇನ್ನಷ್ಟು ಸಹಲೇಖಕರೊಡನೆ, ಇನ್ನಷ್ಟು ವಿವರಗಳೊಡನೆ ಪ್ರಬಂಧವನ್ನು ಪರಿಷ್ಕರಿಸಿದರು. ಆದರೂ ವಿಜ್ಞಾನ ಲೋಕ ಅದನ್ನು ಅತಿವಾಹಕತೆಯೆಂದು ಒಪ್ಪಿಲ್ಲ. ಮೋಸವೆಂದು ಯಾರೂ ಸಾಬೀತು ಮಾಡಿಲ್ಲ. ನಿಜವೆಂದೂ ಯಾರೂ ಸಾಬೀತು ಮಾಡಿಲ್ಲ. ಮಾದರಿಗಳನ್ನು ಮೊದಲ ವಾರದಲ್ಲೇ ಎರಡು ಬೇರೆ ಪ್ರಯೋಗಶಾಲೆಗಳ ಮೇಜಿನ ಮೇಲೆ ಇಟ್ಟಿದ್ದರೆ ಈ ತ್ರಿಶಂಕು ಸ್ಥಿತಿ ಬರುತ್ತಿರಲಿಲ್ಲ.

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದಿಂದ ಬಂದ ಎಲ್‌ಕೆ-99 ಎಲ್ಲರಿಗೂ ನೆನಪಿರುತ್ತದೆ. ಸೀಸ, ರಂಜಕ, ತಾಮ್ರಗಳ ಒಂದು ಕಲ್ಲು. ಬಿಸಿ ನೀರಿನ ತಾಪಕ್ಕಿಂತ ಮೇಲೆಯೂ ಅತಿವಾಹಕ ಎಂಬ ಘೋಷಣೆ. ಕಾಂತದ ಮೇಲೆ ಅರೆಬರೆ ತೇಲುವ ಚೂರಿನ ವಿಡಿಯೊ. ಇದೂ ಒಲೆ-ಒರಳಿನ ವಸ್ತುವಾದ್ದರಿಂದ ಜಗತ್ತೇ ಮಾಡಿ ನೋಡಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯ ವಿ. ಪಿ. ಎಸ್. ಅವಾನಾ ತಂಡ ಮೊದಲು ಮಾಡಿ, ಇಲ್ಲ ಎಂದು ಹೇಳಿದವರಲ್ಲಿ ಒಂದು. ಕಲ್ಮಶವಾಗಿ ಸೇರಿದ್ದ ತಾಮ್ರದ ಸಲ್ಫೈಡು ಸುಮಾರು 104 ಡಿಗ್ರಿಯಲ್ಲಿ ರೂಪ ಬದಲಿಸಿದಾಗ ರೋಧ ತಟ್ಟನೆ ಇಳಿಯುತ್ತದೆ, ಕಂಡದ್ದು ಅದನ್ನೇ. ಇಳಿಯುವುದು ಬೇರೆ, ಶೂನ್ಯವಾಗುವುದು ಬೇರೆ. ಕಲ್ಮಶವಿಲ್ಲದೆ ಬೆಳೆಸಿದ ಹರಳು ಅತಿವಾಹಕವಾಗಿರುವುದಿರಲಿ, ಅವಾಹಕವಾಗಿತ್ತು. ತೀರ್ಪಿಗೆ ಹಿಡಿದದ್ದು ಮೂರು ನಾಲ್ಕು ವಾರ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿ ರಚಿಸಿದ್ದು ಇಲ್ಲಿಯ ಹಿರಿಯರಿಗೆ ನೆನಪಿರಬಹುದು. ಅಮೆರಿಕದ ಓಹಾಯೊದಲ್ಲಿ ಪರಮಾಣು ಭೌತವಿಜ್ಞಾನ ಓದಿ ಮರಳಿದ್ದ ಆ ಗಾಂಧಿವಾದಿ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಲ್ಲಿ ಕೇಳಿದ್ದು ಇಷ್ಟೇ: ಪರೀಕ್ಷೆಯ ಷರತ್ತುಗಳ ಅಡಿಯಲ್ಲಿ ತೋರಿಸಿ. ಉತ್ತರ ಬರಲಿಲ್ಲ. ಅದೇ ಷರತ್ತನ್ನು 'ನೇಚರ್' ಪತ್ರಿಕೆಯ ಮುಖಪುಟಕ್ಕೂ, ಬಿಳಿ ಕೋಟಿನ ಪ್ರಾಧ್ಯಾಪಕರಿಗೂ ಒಡ್ಡಬೇಕಾಗುತ್ತದೆ ಎಂಬುದೇ ಈ ಪ್ರಕರಣಗಳ ವಿಶೇಷ.

ಹಾಗಾದರೆ ಭವಿಷ್ಯ? ಕೋಣೆಯ ತಾಪದ ಅತಿವಾಹಕತೆಯನ್ನು ನಿಷೇಧಿಸುವ ಯಾವ ನಿಯಮವೂ ಪ್ರಕೃತಿಯಲ್ಲಿ ಕಂಡಿಲ್ಲ. ಟ್ರಾಚೆಂಕೊ, ಪಿಕಾರ್ಡ್ ಮತ್ತು ಸಂಗಡಿಗರು ಮೂಲಭೂತ ಸ್ಥಿರಾಂಕಗಳಿಂದಲೇ ಲೆಕ್ಕ ಹಾಕಿ, ಪರಮಾಣು ಕಂಪನವನ್ನು ಅಂಟಾಗಿಸಿಕೊಂಡ ಅತಿವಾಹಕಗಳ ಮೇಲ್ಮಿತಿ ನೂರರಿಂದ ಸಾವಿರ ಕೆಲ್ವಿನ್‌ಗಳ ನಡುವೆ ಬೀಳುತ್ತದೆಂದು ತೋರಿಸಿದ್ದಾರೆ. ಕೋಣೆಯ ತಾಪ ಆ ಹರಹಿನ ಒಳಗಿದೆ. ಗಣಕಗಳು ಸಾಮಾನ್ಯ ಒತ್ತಡದಲ್ಲಿ ನಿಲ್ಲಬಹುದಾದ ಹೈಡ್ರೈಡುಗಳನ್ನು ಸೂಚಿಸುತ್ತಿವೆ. ಮೆಗ್ನೀಷಿಯಂ, ಇರಿಡಿಯಂ, ಹೈಡ್ರೋಜನ್‌ಗಳ ಒಂದು ಸಂಯುಕ್ತಕ್ಕೆ ನೂರೈವತ್ತರ ಆಸುಪಾಸಿನ ಮಿತಿತಾಪ ಲೆಕ್ಕದಲ್ಲಿ ಬಂದಿದೆ. ಲೆಕ್ಕದಲ್ಲಿ ಮಾತ್ರ. ಹ್ಯೂಸ್ಟನ್‌ನಲ್ಲಿ ಚೂ ಮತ್ತು ಲಿಯಾಂಗ್ಜಿ ಡೆಂಗ್ ತಂಡ ಬೇರೊಂದು ಹಾದಿ ಹಿಡಿದಿದೆ. ವಸ್ತುವನ್ನು ಭಾರಿ ಒತ್ತಡದಲ್ಲಿ ಹಿಸುಕಿ, ತಂಪಾಗಿರುವಾಗಲೇ ಒತ್ತಡವನ್ನು ಥಟ್ಟನೆ ತೆಗೆದುಬಿಡುವುದು. ಕಾದ ಕಬ್ಬಿಣವನ್ನು ಕಮ್ಮಾರ ನೀರಿಗೆ ಅದ್ದಿದಂತೆ, ಆ ಒತ್ತಡದ ರೂಪ ಹಾಗೆಯೇ ಸಿಕ್ಕಿಬೀಳಬೇಕು. 2021ರಲ್ಲಿ ಕಬ್ಬಿಣ-ಸೆಲೆನಿಯಂ ಹರಳಿನಲ್ಲಿ, ಒತ್ತಡ ತೆಗೆದ ಮೇಲೂ 37 ಕೆಲ್ವಿನ್‌ವರೆಗಿನ ಅತಿವಾಹಕತೆ ಉಳಿದದ್ದನ್ನು ಅವರು ವರದಿ ಮಾಡಿದರು. ಸಂಖ್ಯೆ ಚಿಕ್ಕದು. ಆದರೆ ವಜ್ರಗಳ ಸೆರೆಯಿಂದ ವಸ್ತುವನ್ನು ಹೊರತರುವ ಕೀಲಿಕೈ ಅದರಲ್ಲಿ ಇರಬಹುದಾದ್ದರಿಂದ, ಸದ್ಯದ ಪ್ರಯತ್ನಗಳಲ್ಲಿ ಹೆಚ್ಚು ಗಮನಕ್ಕೆ ಅರ್ಹವಾದದ್ದು ಇದೇ ಎನ್ನಬೇಕು. ಘೋಷಣೆಯ ಅಬ್ಬರವಿಲ್ಲದೆ ನಡೆಯುತ್ತಿರುವುದು ಅದರ ಪರವಾದ ಇನ್ನೊಂದು ಸಾಕ್ಷಿ.

ಇನ್ನು ಅಂಥ ತಂತಿ ಸಿಕ್ಕಿತೆಂದೇ ಇಟ್ಟುಕೊಂಡರೆ ಏನಾಗುತ್ತದೆ? ಅಮೆರಿಕದಲ್ಲಿ ಸಾಗಣೆ ಮತ್ತು ವಿತರಣೆಯಲ್ಲಿ ನಷ್ಟವಾಗುವ ವಿದ್ಯುತ್ ಸುಮಾರು ಶೇಕಡಾ 5. ಉಳಿಸಬಹುದಾದದ್ದು ಅಷ್ಟರಲ್ಲೇ. ಅತಿವಾಹಕದ ದೊಡ್ಡ ಲಾಭ ಉಳಿತಾಯವಲ್ಲ, ದೂರ ಮತ್ತು ಗಾತ್ರ: ಪಶ್ಚಿಮ ಟೆಕ್ಸಾಸ್‌ನ ಗಾಳಿಯನ್ನೋ ಪಾವಗಡದ ಬಿಸಿಲನ್ನೋ ತೆಳು ಕೊಳವೆಯೊಂದರಲ್ಲಿ ದೂರದ ಊರಿಗೆ ಒಯ್ಯುವುದು. ಅದಕ್ಕೆ ಕೋಣೆಯ ತಾಪದ ವಸ್ತು ಬರುವವರೆಗೆ ಕಾಯಬೇಕಾಗಿಯೂ ಇರಲಿಲ್ಲ. ಅಮೆರಿಕದ ಮೂರು ವಿದ್ಯುತ್ ಜಾಲಗಳಾದ ಪೂರ್ವ, ಪಶ್ಚಿಮ, ಟೆಕ್ಸಾಸ್‌ಗಳನ್ನು ನ್ಯೂ ಮೆಕ್ಸಿಕೊದ ಕ್ಲೋವಿಸ್ ಬಳಿ ಅತಿವಾಹಕ ಕೇಬಲ್‌ಗಳಿಂದ ಬೆಸೆಯುವ 'ತ್ರೆಸ್ ಅಮಿಗಾಸ್' ಯೋಜನೆಯನ್ನು 2009ರಲ್ಲೇ ಘೋಷಿಸಲಾಗಿತ್ತು. ಕೇಬಲ್ ಇತ್ತು, ದ್ರವ ಸಾರಜನಕ ಇತ್ತು. ಎದುರಾದದ್ದು ಹಣದ ಕೊರತೆ, ಅದರ ಜೊತೆಗೆ ಕಾನೂನಿನ ತೊಡಕು: ರಾಜ್ಯದ ಗಡಿ ದಾಟಿದರೆ ಒಕ್ಕೂಟ ಸರ್ಕಾರದ ನಿಯಂತ್ರಣಕ್ಕೆ ಒಳಪಡಬೇಕಾದೀತೆಂದು ಟೆಕ್ಸಾಸ್ ತನ್ನ ಜಾಲವನ್ನು ಮೊದಲಿನಿಂದಲೂ ಪ್ರತ್ಯೇಕವಾಗಿ ಇಟ್ಟುಕೊಂಡಿದೆ. ಯೋಜನೆ ಅಂದುಕೊಂಡಂತೆ ಮೇಲೇಳಲೇ ಇಲ್ಲ.

2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಇದರ ಬೆಲೆ ತಿಳಿಯಿತು. ಅನಿಲ ಸ್ಥಾವರಗಳು, ಕೊಳವೆಗಳು, ಕೆಲವು ಗಾಳಿಯಂತ್ರಗಳು ಹೆಪ್ಪುಗಟ್ಟಿ ನಿಂತವು. ಇಡೀ ಟೆಕ್ಸಾಸ್ ಜಾಲ ಕುಸಿಯಲು ಐದು ನಿಮಿಷವೂ ಉಳಿದಿರಲಿಲ್ಲ. 20,000 ಮೆಗಾವ್ಯಾಟ್ ಬೇಡಿಕೆಯನ್ನು ಕಡಿತಗೊಳಿಸಬೇಕಾಯಿತು. ಹೊರಗಿನಿಂದ ತರಿಸಿಕೊಳ್ಳಲು ಇದ್ದ ದಾರಿಗಳ ಒಟ್ಟು ಸಾಮರ್ಥ್ಯ ಸಾವಿರ ಮೆಗಾವ್ಯಾಟ್‌ಗಿಂತ ತುಸು ಹೆಚ್ಚು. ಪಶ್ಚಿಮ ಜಾಲಕ್ಕೆ ಸೇರಿದ ಎಲ್ ಪಾಸೊ ನಗರ ಬಹುಮಟ್ಟಿಗೆ ಬೆಳಕಿನಲ್ಲೇ ಉಳಿಯಿತು. ಸತ್ತವರು 246 ಮಂದಿ ಎಂದು ರಾಜ್ಯದ ಆರೋಗ್ಯ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅವರಲ್ಲಿ ಬಹಳ ಮಂದಿ ಚಳಿಗೆ ಮೈ ಹೆಪ್ಪುಗಟ್ಟಿ ಸತ್ತವರು. ತಂತಿಯ ರೋಧದಿಂದ ಸತ್ತವರು ಒಬ್ಬರೂ ಇಲ್ಲ.

ಕನ್ನಡ ನಾಡಿನ ಮೊದಲ ದೊಡ್ಡ ತಂತಿಯ ಕತೆಯನ್ನೂ ಇಲ್ಲಿ ಸೇರಿಸಬೇಕು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದಾಟಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಅಂದಿನ ಜಗತ್ತಿನ ಅತಿ ಉದ್ದದ ಸಾಗಣೆ ಮಾರ್ಗಗಳಲ್ಲಿ ಅದು ಒಂದು. ತಂತಿ ಹಾದುಹೋದ ಹಳ್ಳಿಗಳಲ್ಲಿ ಬುಡ್ಡಿದೀಪ ಉರಿಯುತ್ತಿತ್ತು. ಬೆಂಗಳೂರಿನ ಬೀದಿಗಳಿಗೇ ಬೆಳಕು ಬಂದದ್ದು ಮೂರು ವರ್ಷಗಳ ಬಳಿಕ, 1905ರಲ್ಲಿ. ಮೊದಲ ಪಾಲು ಬ್ರಿಟಿಷ್ ಕಂಪನಿಯ ಗಣಿಗೆ. ಇಂದು 2,050 ಮೆಗಾವ್ಯಾಟ್‌ನ ಪಾವಗಡ ಸೌರ ಉದ್ಯಾನಕ್ಕೆ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆಯನ್ನು ಗೇಣಿಗೆ ಕೊಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ದರದಲ್ಲಿ ಶುರುವಾದ ಆ ಗೇಣಿ ಜಮೀನಿದ್ದವರಿಗೆ ಸಿಕ್ಕಿತು, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಸಿಗಲಿಲ್ಲ. ಶೂನ್ಯ ರೋಧದ ತಂತಿ ಬಂದರೆ ಆ ಬಿಸಿಲು ಇನ್ನೂ ದೂರದ ಊರಿನ ಡೇಟಾ ಕೇಂದ್ರಗಳಿಗೆ ಇನ್ನೂ ಸಲೀಸಾಗಿ ಹೋಗುತ್ತದೆ.

ಹಾಗೆಂದು ಎಲ್ಲ ತಂತಿಗಳೂ ಒಂದೇ ದಿಕ್ಕಿಗೆ ಹರಿಯಬೇಕೆಂದೇನೂ ಇಲ್ಲ. ಲಿಯಾಂಡರ್‌ನ ಮನೆಗಳಿಗೆ ವಿದ್ಯುತ್ ಕೊಡುವ ಪೆಡರ್ನಾಲಿಸ್ ಎಲೆಕ್ಟ್ರಿಕ್ ಕೋಆಪರೇಟಿವ್ ಯಾವ ಷೇರುದಾರರ ಕಂಪನಿಯೂ ಅಲ್ಲ. ಈ ಗುಡ್ಡಗಾಡಿನ ಚದುರಿದ ತೋಟದ ಮನೆಗಳಿಗೆ ತಂತಿ ಎಳೆದರೆ ಲಾಭವಿಲ್ಲವೆಂದು ಖಾಸಗಿ ಕಂಪನಿಗಳು ಕೈಚೆಲ್ಲಿದ್ದಾಗ, ಯುವ ಸಂಸದ ಲಿಂಡನ್ ಜಾನ್ಸನ್ ಅವರ ಒತ್ತಾಸೆಯಿಂದ, ಸರ್ಕಾರದ ಗ್ರಾಮೀಣ ವಿದ್ಯುದೀಕರಣದ ಸಾಲ ಪಡೆದು ರೈತರೇ 1938ರಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಅದು. ಮರುವರ್ಷ ದೀಪಗಳು ಹೊತ್ತಿದವು. ಅದರ ಬಿಲ್ಲು ಕಟ್ಟುವ ಪ್ರತಿ ಮನೆಯೂ ಅದರ ಸದಸ್ಯ. ನಿರ್ದೇಶಕ ಮಂಡಲಿಯ ಚುನಾವಣೆಯ ಮತಪತ್ರ ಆ ಮನೆಗಳಿಗೂ ಬರುತ್ತದೆ, ಇಲ್ಲಿಯ ಕನ್ನಡಿಗರ ಮನೆಗಳಿಗೂ.